ಬಾಲದ ತುದಿ ನೋಡಿ ಹೆಸರಿಡಬೇಡಿ

ಪೀಣ್ಯದಲ್ಲಿ ಹಳೆಯ ಪ್ಯಾಕಿಂಗ್ ಪೆಟ್ಟಿಗೆ ಬಿಚ್ಚಿ ಶೆಲ್ಫ್, ಟೀಪಾಯಿ ಮಾಡುವವರೊಬ್ಬರು ಪೈನ್ ಹಲಗೆಯ ತುಂಡುಗಳನ್ನು ಕವರಿನಲ್ಲಿ ಹಾಕಿಕೊಂಡು ನಮ್ಮ ಲ್ಯಾಬಿಗೆ ಬಂದರು. "ಸಾರ್, ಪೈನ್ ಮರ ಸಾಯಿಸೋ ಹುಳ ಅಂತ ಓದಿದೆ. ಅದೇನಾ, ಇಲ್ಲ ಹೊಸ ಜಾತೀನಾ?" ಅವರು ತೋರಿಸಿದ್ದು ಕುಟ್ಟೆ ಹುಳ, ಕಣ್ಣಿಗೆ ಕಾಣುವಂಥದ್ದು. ಅವರು ಓದಿದ್ದು ನೆಮಟೋಡ್ ಎಂಬ ಸೂಕ್ಷ್ಮ ಜಂತುಹುಳುವಿನ ಬಗ್ಗೆ.

ಟೊಮೆಟೊ ಬೆಳೆಯುವವರಿಗೆ ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳು ಗೊತ್ತಿರುತ್ತದೆ. ಪೈನ್ ಮರದ ನೆಮಟೋಡ್ ಅದರ ದೂರದ ನೆಂಟ. ಉದ್ದ ಸುಮಾರು 1 ಮಿ.ಮೀ. ಉದ್ದ ಮೀಸೆಯ ದುಂಬಿಯ ಉಸಿರಾಟದ ಕೊಳವೆಗಳಲ್ಲಿ ಕೂತು ಮರದಿಂದ ಮರಕ್ಕೆ ಸವಾರಿ ಮಾಡುತ್ತದೆ. ಮರ ಕೊಲ್ಲುವ ಆ ಒಂದು ಜಾತಿಯ ಹೆಸರು ಬರ್ಸಫೆಲೆಂಕಸ್ ಜೈಲೊಫಿಲಸ್. ಅದೇ ಕುಲದಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚಿನವು ಶಿಲೀಂಧ್ರ ತಿಂದುಕೊಂಡು ಸುಮ್ನೆ ಇರುತ್ತವೆ, ಮರಕ್ಕೆ ಏನೂ ಮಾಡುವುದಿಲ್ಲ. ಹಾಗಾಗಿ ಯಾವುದು ಯಾವುದು ಎಂದು ಗುರುತಿಸುವುದೇ ದೊಡ್ಡ ಕೆಲಸ.

ಕೊಲ್ಲುವ ಜಾತಿಯ ಹೆಣ್ಣಿನ ಬಾಲ ದುಂಡಗೆ. ಅದರ ಹತ್ತಿರದ ನೆಂಟ ಮುಕ್ರೊನೇಟಸ್‌ನ ಬಾಲದ ತುದಿಯಲ್ಲಿ ಪುಟ್ಟ ಮೊನೆ. ಸುಲಭ ಅಲ್ವಾ? ಆದರೆ ಉತ್ತರ ಅಮೆರಿಕದಲ್ಲಿ ಕೊಲ್ಲುವ ಜಾತಿಯಲ್ಲೇ ಮೊನೆ ಇರುವ ಹೆಣ್ಣುಗಳೂ ಸಿಗುತ್ತವೆ. ಬಾಲ ನಂಬಿ ಕೂತರೆ ಮೋಸ. ಗಂಡಿನ ಕೊಕ್ಕೆಯಂಥ ಜನನಾಂಗ, ಹೆಣ್ಣಿನ ಯೋನಿಯ ಮೇಲಿನ ಮಡಿಕೆ, ಮೈಪಕ್ಕದ ಗೆರೆಗಳು, ಇಷ್ಟನ್ನೂ ನೋಡಿ, ಕೊನೆಗೆ ಡಿಎನ್ಎ ತೆಗೆದು ಹೋಲಿಸಬೇಕು.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಅಮೆರಿಕದವರು ಈ ಹುಳವನ್ನು 1934ರಲ್ಲೇ ಬೇರೊಂದು ಕುಲಕ್ಕೆ ಸೇರಿಸಿ ವಿವರಿಸಿದ್ದರು. ಜಪಾನಿನಲ್ಲಿ ಪೈನ್ ಮರಗಳು ದಶಕಗಳಿಂದ ಒಣಗುತ್ತಿದ್ದವು. ಕಾರಣ ಈ ನೆಮಟೋಡ್ ಎಂದು ಅಲ್ಲಿನವರು ತೋರಿಸಿದ್ದು 1971ರಲ್ಲಿ. ಮರುವರ್ಷ ಅದಕ್ಕೆ ಲಿಗ್ನಿಕೊಲಸ್ ಎಂಬ ಹೊಸ ಜಾತಿಯ ಹೆಸರಿಟ್ಟರು. ಎರಡೂ ಒಂದೇ ಎಂದು 1981ರಲ್ಲಿ ಗೊತ್ತಾಯಿತು. ಹಳೆ ಹೆಸರೇ ಉಳಿಯಿತು, ಅದು ನಾಮಕರಣದ ನಿಯಮ. ಇದನ್ನು ಬರೀ ಹೆಸರಿನ ಜಗಳ ಅನ್ನುವಂತಿಲ್ಲ. ಹುಳ ಜಪಾನಿನದ್ದಲ್ಲ, ಅಮೆರಿಕದಿಂದ ಮರದ ಜೊತೆ ಬಂದದ್ದು ಎನ್ನುವುದು ಸ್ಪಷ್ಟವಾದದ್ದು ಹೀಗೆಯೇ.

ನನ್ನದೂ ಒಂದು ಕಥೆ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು "ಹೊಸ ಜಾತಿ" ಸಿಕ್ಕಿತೆಂದು ಕುಣಿದಿದ್ದೆ. ಅಳತೆಯಲ್ಲಿ ಅದು ಗೊತ್ತಿರುವ ಜಾತಿಗಿಂತ ಎಷ್ಟೋ ದಪ್ಪ. ನಮ್ಮ ಮೇಡಂ ಸ್ಲೈಡ್ ನೋಡಿ, "ಗಾಜಿನ ಕಡ್ಡಿ ಇಟ್ಟಿದ್ಯೇನಪ್ಪಾ?" ಅಂದರು. ಇಟ್ಟಿರಲಿಲ್ಲ. ಹುಳದಷ್ಟೇ ದಪ್ಪದ ಗಾಜಿನ ಎಳೆಗಳ ಆಸರೆ ಕೊಡದಿದ್ದರೆ ಮೇಲಿನ ಗಾಜು ಹುಳವನ್ನು ಅಪ್ಪಚ್ಚಿ ಮಾಡುತ್ತದೆ. ಉದ್ದವನ್ನು ಅಗಲದಿಂದ ಭಾಗಿಸಿದ ಸಂಖ್ಯೆ ಕುಸಿಯುತ್ತದೆ. ನನ್ನ ಹೊಸ ಜಾತಿಯನ್ನು ಸೃಷ್ಟಿಸಿದ್ದು ಆ ಗಾಜು. ಅಂದಿನಿಂದ ಒಂದೇ ಹುಳ ಹಿಡಿದುಕೊಂಡು ಬಂದವರ ಮಾತು ನಾನು ಕೇಳುವುದಿಲ್ಲ. ಗಂಡು, ಹೆಣ್ಣು ಎರಡೂ ಬೇಕು, ಹತ್ತಾರು ಬೇಕು. ಸಾಧ್ಯವಾದರೆ ಶಿಲೀಂಧ್ರದ ಮೇಲೆ ಸಾಕಿ ಮರಿಮಕ್ಕಳನ್ನೂ ನೋಡಬೇಕು.

ಇನ್ನು ಪೀಣ್ಯದ ಹಲಗೆ. ಅದರ ಮೇಲೆ ಬಿಸಿ ಉಪಚಾರದ ಮುದ್ರೆ ಇತ್ತು. ಅಂದರೆ ಮರದ ಒಳತಿರುಳಿಗೂ 56 ಡಿಗ್ರಿ ಶಾಖ 30 ನಿಮಿಷ ತಾಗಿರಬೇಕು. ಆದರೂ ಚಕ್ಕೆ ಮಾಡಿ, ಟಿಶ್ಯೂ ಕಾಗದದಲ್ಲಿ ಕಟ್ಟಿ, ನೀರು ತುಂಬಿದ ಆಲಿಕೆಯಲ್ಲಿ ರಾತ್ರಿಯಿಡೀ ಬಿಟ್ಟೆ. ಜೀವ ಇರುವವು ತಾವೇ ಈಜಿ ತಳಕ್ಕೆ ಇಳಿಯುತ್ತವೆ. ಬೆಳಗ್ಗೆ ನೋಡಿದರೆ ಏಳೆಂಟು ಹುಳ ಬಳುಕುತ್ತಿದ್ದವು! ಎದೆ ಡವಡವ. ಸೂಕ್ಷ್ಮದರ್ಶಕದಲ್ಲಿ ಮೊದಲು ಬಾಯಿ ನೋಡಿದೆ. ಪೈನ್ ನೆಮಟೋಡ್‌ಗೆ ಬಾಯೊಳಗೆ ಚುಚ್ಚುವ ಸೂಜಿ ಇರುತ್ತದೆ. ಇವಕ್ಕೆ ಇರಲಿಲ್ಲ, ಬ್ಯಾಕ್ಟೀರಿಯಾ ತಿನ್ನುವ ಮಣ್ಣಿನ ಹುಳಗಳು.

ಅವರಿಗೆ ಫೋನ್ ಮಾಡಿ, "ಹಲಗೆ ಎಲ್ಲಿಟ್ಟಿದ್ರಿ?" ಎಂದು ಕೇಳಿದೆ.

"ಹಿತ್ತಲಲ್ಲಿ, ನೆಲದ ಮೇಲೇ ಸಾರ್. ಮಳೆಗಾಲ ಪೂರ್ತಿ ಅಲ್ಲೇ ಇತ್ತು."