ನೆಲ ನಿಜವಾಗಿಯೂ ಡೊಂಕಾಗಿದ್ದರೆ?

1628ರ ಆಗಸ್ಟ್ 10. ಸ್ವೀಡನ್ನಿನ ಹೊಚ್ಚ ಹೊಸ ಯುದ್ಧನೌಕೆ ‘ವಾಸಾ’ ಸ್ಟಾಕ್‌ಹೋಮ್ ಬಂದರಿನಿಂದ ಮೊದಲ ಸಲ ಹೊರಟಿತು. 64 ತೋಪುಗಳು, ಮೈತುಂಬ ಬಣ್ಣದ ಕೆತ್ತನೆ. ನೋಡಲು ದಡದ ತುಂಬ ಜನ. ಹಡಗು ಸಾಗಿದ್ದು ಸುಮಾರು 1,300 ಮೀಟರ್ ಮಾತ್ರ. ಗಾಳಿ ಬೀಸಿತು, ಹಡಗು ಒಂದು ಕಡೆ ವಾಲಿತು, ತೆರೆದಿದ್ದ ತೋಪಿನ ಕಿಂಡಿಗಳಿಂದ ನೀರು ನುಗ್ಗಿತು. ಎಲ್ಲರ ಕಣ್ಣೆದುರೇ ಮುಳುಗಿಹೋಯಿತು. ಸುಮಾರು 30 ಜನ ಸತ್ತರು.

ಕ್ಯಾಪ್ಟನ್‌ನನ್ನು ಕೂಡಲೇ ಬಂಧಿಸಿದರು. ಕುಡಿದಿದ್ದೆಯಾ, ತೋಪುಗಳನ್ನು ಸರಿಯಾಗಿ ಕಟ್ಟಿರಲಿಲ್ಲವಾ ಎಂದು ಕೇಳಿದರು. ಇಲ್ಲ, ಎಲ್ಲ ಸರಿಯಾಗಿತ್ತು ಎಂದು ಆತ ಆಣೆ ಮಾಡಿ ಹೇಳಿದ. ಹಡಗು ಕಟ್ಟಿದವರನ್ನು ಕರೆಸಿದರು. ರಾಜರು ಒಪ್ಪಿದ ಅಳತೆಗೇ ಕಟ್ಟಿದ್ದೇವೆ ಎಂದರು ಅವರು. ಕೆಲಸ ಶುರು ಮಾಡಿದ್ದ ಮುಖ್ಯ ಮೇಸ್ತ್ರಿ ಹಿಂದಿನ ವರ್ಷವೇ ತೀರಿಕೊಂಡಿದ್ದ.

ವಿಚಾರಣೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಂತು. ಹಡಗು ಹೊರಡುವ ಮೊದಲೇ ಅದರ ಮೇಲೆ ಒಂದು ಪರೀಕ್ಷೆ ನಡೆದಿತ್ತು. 30 ನಾವಿಕರು ಹಡಗಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಒಟ್ಟಾಗಿ ಓಡಬೇಕಿತ್ತು. ಮೂರು ಸಲ ಓಡುವಷ್ಟರಲ್ಲಿ ಹಡಗು ಎಷ್ಟು ತೂಗಾಡಿತೆಂದರೆ, ಇನ್ನು ಓಡಿದರೆ ಮಗುಚುತ್ತದೆ ಎಂದು ನೌಕಾದಳದ ಹಿರಿಯ ಅಧಿಕಾರಿ ಪರೀಕ್ಷೆಯನ್ನೇ ನಿಲ್ಲಿಸಿದ. ಹಡಗನ್ನು ಮಾತ್ರ ನಿಲ್ಲಿಸಲಿಲ್ಲ. ರಾಜ ಯುದ್ಧಭೂಮಿಯಲ್ಲಿದ್ದ. ಬೇಗ ಕಳಿಸಿ ಎಂದು ಪತ್ರದ ಮೇಲೆ ಪತ್ರ ಬರುತ್ತಿತ್ತು.

ಕೊನೆಗೆ ಯಾರನ್ನೂ ತಪ್ಪಿತಸ್ಥರೆಂದು ತೀರ್ಮಾನಿಸಲಿಲ್ಲ. ಹಾಗಾದರೆ ತಪ್ಪು ಯಾರದು ಎಂದು ಕೇಳಿದಾಗ, ಹಡಗುಕಟ್ಟೆಯ ಪಾಲುದಾರನೊಬ್ಬ ಕೊಟ್ಟ ಉತ್ತರ: ‘ದೇವರಿಗೇ ಗೊತ್ತು.’

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೆಲಸ ಬಾರದವರು ನೆಪ ಹೇಳುತ್ತಾರೆ ಅನ್ನಲು ನಾವು ಈ ಗಾದೆಯನ್ನು ಧಾರಾಳವಾಗಿ ಬಳಸುತ್ತೇವೆ. ಕಚೇರಿಯಲ್ಲಿ ಕಡತ ಕಳೆದರೆ, ಸರ್ಕಾರದ ಯೋಜನೆ ಹಳ್ಳ ಹಿಡಿದರೆ, ಯಂತ್ರ ಕೆಟ್ಟರೆ ನಮ್ಮ ಮೊದಲ ಪ್ರಶ್ನೆ ‘ಯಾರು ಮಾಡಿದ್ದು?’ ಆಗ ಕೈಗೆ ಸಿಗುವುದು ಕಟ್ಟಕಡೆಗೆ ಆ ಕೆಲಸ ಮುಟ್ಟಿದವರು. ಅವರನ್ನು ಆ ಜಾಗದಲ್ಲಿ ಕೂರಿಸಿದ್ದು ಯಾರು? ಅವಸರ ಮಾಡಿದ್ದು ಯಾರು? ನಿಲ್ಲಿಸುವ ಅಧಿಕಾರ ಇದ್ದೂ ಸುಮ್ಮನಿದ್ದವರು ಯಾರು? ಈ ಪ್ರಶ್ನೆಗಳನ್ನು ಕೇಳುವುದನ್ನು ಜಗತ್ತು ಕಲಿತದ್ದು ಬಹಳ ನಿಧಾನವಾಗಿ, ಬಹಳ ಜೀವಗಳನ್ನು ಕಳೆದುಕೊಂಡು.

ಹಿಂದಿನ ಕಾಲದಲ್ಲಿ ಅಸಮರ್ಥರು ಮೇಲೆ ಬರುತ್ತಿದ್ದ ದಾರಿ ಗುಟ್ಟಿನದೇನೂ ಆಗಿರಲಿಲ್ಲ. ಹುಟ್ಟು, ದುಡ್ಡು, ವಶೀಲಿ, ಇಷ್ಟೇ. ಬ್ರಿಟಿಷ್ ಸೇನೆಯಲ್ಲಿ ಕಾಲಾಳು ಪಡೆ ಮತ್ತು ಕುದುರೆ ಪಡೆಯ ಅಧಿಕಾರಿ ಹುದ್ದೆಗಳನ್ನು 1871ರವರೆಗೂ ದುಡ್ಡು ಕೊಟ್ಟು ಕೊಳ್ಳಬಹುದಿತ್ತು. ಅದೂ ಕಾನೂನುಬದ್ಧವಾಗಿಯೇ! ಕ್ರಿಮಿಯನ್ ಯುದ್ಧದಲ್ಲಿ ಇದರ ಬೆಲೆ ತೆತ್ತವರು ಸಾಮಾನ್ಯ ಸೈನಿಕರು. 1854ರ ಅಕ್ಟೋಬರ್ 25ರಂದು ಬಾಲಕ್ಲಾವಾದಲ್ಲಿ ಸುಮಾರು 670 ಕುದುರೆ ಸವಾರರು ರಷ್ಯಾದ ತೋಪುಗಳಿಗೆ ಎದುರಾಗಿ ನುಗ್ಗಿದರು. ಸ್ಪಷ್ಟವಿಲ್ಲದ ಒಂದು ಆದೇಶ ಅವರನ್ನು ತಪ್ಪು ಕಣಿವೆಗೆ ಕಳಿಸಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಆದೇಶ ಬರೆಸಿದ ಲಾರ್ಡ್ ರಾಗ್ಲನ್, ಅದನ್ನು ಪಡೆದ ಲಾರ್ಡ್ ಲೂಕನ್, ಸವಾರರ ಮುಂದೆ ಹೋದ ಲಾರ್ಡ್ ಕಾರ್ಡಿಗನ್ ಒಬ್ಬರ ಮೇಲೊಬ್ಬರು ಹೊರಿಸಿಕೊಂಡರು. ಆದೇಶ ತಂದುಕೊಟ್ಟ ಕ್ಯಾಪ್ಟನ್ ನೋಲನ್ ತಲೆಗೂ ತಪ್ಪು ಕಟ್ಟಿದರು. ಆತ ಅಲ್ಲೇ ಸತ್ತಿದ್ದ, ತನ್ನ ಪರವಾಗಿ ಮಾತಾಡಲು ಉಳಿದಿರಲಿಲ್ಲ.

ಆ ಚಳಿಗಾಲದಲ್ಲಿ ಗುಂಡೇಟಿಗಿಂತ ರೋಗಕ್ಕೆ ಸತ್ತ ಸೈನಿಕರೇ ಜಾಸ್ತಿ. ಬಟ್ಟೆ, ಔಷಧಿ, ಊಟ ಸರಿಯಾದ ಜಾಗಕ್ಕೆ ತಲುಪುತ್ತಿರಲಿಲ್ಲ. ಪತ್ರಿಕೆಗಳಲ್ಲಿ ಇದೆಲ್ಲ ಬಂದಾಗ ಜನ ಸಿಟ್ಟಾದರು. ತನಿಖೆ ಬೇಕೆಂಬ ನಿರ್ಣಯ ಸಂಸತ್ತಿನಲ್ಲಿ ಗೆದ್ದು, 1855ರ ಜನವರಿಯಲ್ಲಿ ಲಾರ್ಡ್ ಅಬರ್ಡೀನ್ ಸರ್ಕಾರ ಬಿತ್ತು. ಆಡಳಿತ ನಡೆಸಲು ಬಾರದವರನ್ನು ಕೂರಿಸಿದ್ದಕ್ಕೆ ಸರ್ಕಾರವೇ ಉತ್ತರ ಕೊಡಬೇಕಾಗಿ ಬಂದ ಮೊದಲ ದೊಡ್ಡ ಸಂದರ್ಭಗಳಲ್ಲಿ ಇದೂ ಒಂದು ಎಂದು ನನಗನ್ನಿಸುತ್ತದೆ.

ಇದಕ್ಕೆ ಪರಿಹಾರವೆಂದು ಆಗ ಕಂಡದ್ದು ಪರೀಕ್ಷೆ. ಅದೇನೂ ಹೊಸದಲ್ಲ. ಚೀನಾದಲ್ಲಿ ಏಳನೇ ಶತಮಾನದ ಆರಂಭದಿಂದ 1905ರವರೆಗೆ, ಸುಮಾರು 1,300 ವರ್ಷ, ಅಧಿಕಾರಿಗಳನ್ನು ಪರೀಕ್ಷೆ ಮಾಡಿ ಆರಿಸುತ್ತಿದ್ದರು. ಬ್ರಿಟನ್ನಿನಲ್ಲಿ 1854ರಲ್ಲಿ ಪ್ರಕಟವಾದ ನಾರ್ತ್‌ಕೋಟ್–ಟ್ರೆವೆಲ್ಯನ್ ವರದಿ ಇದನ್ನೇ ಹೇಳಿತು: ಶಿಫಾರಸು ಬಿಡಿ, ಪರೀಕ್ಷೆ ಮಾಡಿ ತೆಗೆದುಕೊಳ್ಳಿ. ಸೋಮಾರಿಗಳೂ ಕೈಲಾಗದವರೂ ಸರ್ಕಾರಿ ಕೆಲಸವನ್ನೇ ಹುಡುಕಿಕೊಂಡು ಬರುತ್ತಾರೆ ಎಂದು ವರದಿ ನೇರವಾಗಿ ಬರೆದಿತ್ತು. ಅಧಿಕಾರದಲ್ಲಿದ್ದವರಿಗೆ ಇದು ಇಷ್ಟವಾಗಲಿಲ್ಲ. ಮುಕ್ತ ಸ್ಪರ್ಧೆ ಬರಲು 1870ರವರೆಗೆ ಕಾಯಬೇಕಾಯಿತು.

ಅಮೆರಿಕದಲ್ಲಿ ಅದೇ ಪಾಠ ಕಲಿಯಲು ಒಬ್ಬ ಅಧ್ಯಕ್ಷ ಸಾಯಬೇಕಾಯಿತು. 1829ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್, ಸರ್ಕಾರಿ ಕೆಲಸಗಳು ಎಷ್ಟು ಸರಳವೆಂದರೆ ಬುದ್ಧಿಯಿರುವ ಯಾರು ಬೇಕಾದರೂ ಕಲಿತು ಮಾಡಬಹುದು ಎಂದಿದ್ದರು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ನಡೆದದ್ದೇ ಬೇರೆ. ಗೆದ್ದ ಪಕ್ಷದವರಿಗೆ ಹುದ್ದೆ ಹಂಚುವುದು ರೂಢಿಯಾಯಿತು. ಚಾರ್ಲ್ಸ್ ಗಿಟೋ ಎಂಬಾತ ತಾನು ಪಕ್ಷಕ್ಕಾಗಿ ದುಡಿದಿದ್ದೇನೆ, ಪ್ಯಾರಿಸ್‌ನಲ್ಲಿ ಕಾನ್ಸುಲ್ ಹುದ್ದೆ ಕೊಡಿ ಎಂದು ಬೆನ್ನು ಹತ್ತಿದ. ಸಿಗಲಿಲ್ಲ. 1881ರ ಜುಲೈ 2ರಂದು ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್‌ಗೆ ಗುಂಡು ಹಾರಿಸಿದ.

ಗಾರ್‌ಫೀಲ್ಡ್ ಅಂದೇ ಸಾಯಲಿಲ್ಲ. 79 ದಿನ ನರಳಿದರು. ವೈದ್ಯರು ತೊಳೆಯದ ಬೆರಳು, ತೊಳೆಯದ ಸಲಾಕೆಗಳಿಂದ ಗಾಯದೊಳಗೆ ಗುಂಡು ಹುಡುಕಿದರು. ಗಾಯಕ್ಕೆ ನಂಜಾಯಿತು. ಆ ಹೊತ್ತಿಗಾಗಲೇ ಜೋಸೆಫ್ ಲಿಸ್ಟರ್ ಅವರ ಸೋಂಕು ತಡೆಯುವ ವಿಧಾನ ಗೊತ್ತಿತ್ತು. ಅದನ್ನು ನಂಬದ ಹೆಸರಾಂತ ವೈದ್ಯರೇ ಅಧ್ಯಕ್ಷರ ಹಾಸಿಗೆಯ ಪಕ್ಕ ನಿಂತಿದ್ದರು. ಗುಂಡು ಹಾರಿಸಿದ್ದು ನಾನು, ಕೊಂದದ್ದು ವೈದ್ಯರು ಎಂದು ಗಿಟೋ ಕೋರ್ಟಿನಲ್ಲಿ ವಾದಿಸಿದ. ಅದು ಅವನನ್ನು ಗಲ್ಲಿನಿಂದ ಉಳಿಸಲಿಲ್ಲ, ಉಳಿಸಬಾರದಿತ್ತು ಕೂಡ. ಆದರೂ ವೈದ್ಯರ ಬಗ್ಗೆ ಅವನು ಹೇಳಿದ್ದನ್ನು ಇಂದಿನ ವೈದ್ಯಲೋಕ ಬಹುಮಟ್ಟಿಗೆ ಒಪ್ಪುತ್ತದೆ. 1883ರ ಜನವರಿಯಲ್ಲಿ, ಅರ್ಹತೆ ನೋಡಿ ಹುದ್ದೆ ಕೊಡಬೇಕೆನ್ನುವ ಪೆಂಡಲ್ಟನ್ ಕಾಯ್ದೆ ಬಂತು. ಮೊದಮೊದಲು ಕೇಂದ್ರ ಸರ್ಕಾರದ ನೂರಕ್ಕೆ ಸುಮಾರು ಹತ್ತು ಹುದ್ದೆಗಳಿಗೆ ಮಾತ್ರ ಅರ್ಹತೆಯ ನಿಯಮ ಅನ್ವಯಿಸಿತು.

ಪರೀಕ್ಷೆ ಬಾಗಿಲು ಕಾಯುತ್ತದೆ, ನಿಜ. ಒಳಗೆ ಬಂದ ಮೇಲೆ? ಜಾಣರನ್ನೇ ತೆಗೆದುಕೊಂಡ ಸಂಸ್ಥೆಗಳಲ್ಲೂ ಕೈಲಾಗದ ಮೇಲಧಿಕಾರಿಗಳು ಯಾಕಿರುತ್ತಾರೆ? 1969ರಲ್ಲಿ ಶಿಕ್ಷಣತಜ್ಞ ಲಾರೆನ್ಸ್ ಪೀಟರ್ ಕೊಟ್ಟ ಉತ್ತರ ಇವತ್ತಿಗೂ ಅವರ ಹೆಸರಲ್ಲೇ ಉಳಿದಿದೆ. ಒಂದು ಕೆಲಸ ಚೆನ್ನಾಗಿ ಮಾಡಿದವರಿಗೆ ಬಡ್ತಿ ಸಿಗುತ್ತದೆ. ಅದನ್ನೂ ಚೆನ್ನಾಗಿ ಮಾಡಿದರೆ ಇನ್ನೊಂದು ಬಡ್ತಿ. ಯಾವ ಕೆಲಸ ಬರುವುದಿಲ್ಲವೋ ಅಲ್ಲಿಗೆ ಮುಟ್ಟಿದಾಗ ಬಡ್ತಿ ನಿಲ್ಲುತ್ತದೆ. ಅವರು ಅಲ್ಲೇ ಉಳಿಯುತ್ತಾರೆ. ಐವತ್ತು ವರ್ಷಗಳ ಮೇಲೆ, 2019ರಲ್ಲಿ, ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದ ನೂರಕ್ಕೂ ಹೆಚ್ಚು ಕಂಪನಿಗಳ ಮಾರಾಟಗಾರರ ದಾಖಲೆ ನೋಡಿದರು. ಹೆಚ್ಚು ಮಾರಿದವರಿಗೆ ಬಡ್ತಿ ಸಿಗುವ ಸಾಧ್ಯತೆ ಹೆಚ್ಚಿತ್ತು. ಮ್ಯಾನೇಜರ್ ಆದ ಮೇಲೆ ಅಂಥವರ ಕೈಕೆಳಗಿನವರ ಮಾರಾಟ ಇಳಿಯಿತು.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಇಂಥದ್ದನ್ನು ಹತ್ತಿರದಿಂದ ನೋಡಿದ್ದೇನೆ. ಯಂತ್ರದ ಸದ್ದು ಕೇಳಿಯೇ ಏನು ಕೆಟ್ಟಿದೆ ಎಂದು ಹೇಳುತ್ತಿದ್ದ ಹಿರಿಯರೊಬ್ಬರನ್ನು ಮ್ಯಾನೇಜರ್ ಮಾಡಿದರು. ಎರಡೇ ವರ್ಷದಲ್ಲಿ ಎಲ್ಲರೂ ಅವರನ್ನು ‘ಕೈಲಾಗದವರು’ ಅನ್ನತೊಡಗಿದರು. ಅವರಿಗೆ ಜನರನ್ನು ನಡೆಸುವುದನ್ನು ಯಾರೂ ಕಲಿಸಿರಲಿಲ್ಲ. ಹೆಚ್ಚು ಸಂಬಳಕ್ಕೆ ಆ ಕುರ್ಚಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅವರ ಮುಖ ನೆನಪಾದರೆ ನನಗೆ ಇವತ್ತಿಗೂ ಬೇಸರವಾಗುತ್ತದೆ. ಅವರ ಅಸಮರ್ಥತೆಯನ್ನು ಸಂಸ್ಥೆಯೇ ತನ್ನ ಕೈಯಾರೆ ಹುಟ್ಟಿಸಿತ್ತು.

ನೆಲವನ್ನೇ ಪರೀಕ್ಷಿಸುವ ಕೆಲಸ ಗಂಭೀರವಾಗಿ ಶುರುವಾದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ, ವಿಮಾನಗಳಲ್ಲಿ. ಬಿ-17 ಬಾಂಬರ್‌ನ ಪೈಲಟ್‌ಗಳು ಸುರಕ್ಷಿತವಾಗಿ ಇಳಿದ ಮೇಲೆ ಚಕ್ರಗಳನ್ನು ಒಳಗೆಳೆದುಬಿಡುತ್ತಿದ್ದರು. ವಿಮಾನ ನೆಲಕ್ಕೆ ಹೊಟ್ಟೆ ಉಜ್ಜುತ್ತಿತ್ತು. ದಾಖಲೆಯಲ್ಲಿ ‘ಪೈಲಟ್ ತಪ್ಪು’. ಮನಶ್ಶಾಸ್ತ್ರಜ್ಞ ಆಲ್ಫಾನ್ಸ್ ಚಪಾನಿಸ್ ಕಾಕ್‌ಪಿಟ್ ಒಳಗೆ ಹೋಗಿ ನೋಡಿದರು. ಚಕ್ರದ ಸ್ವಿಚ್ ಮತ್ತು ರೆಕ್ಕೆಯ ಫ್ಲ್ಯಾಪ್ ಸ್ವಿಚ್ ಅಕ್ಕಪಕ್ಕ ಇದ್ದವು, ನೋಡಲೂ ಮುಟ್ಟಲೂ ಒಂದೇ ಥರ. ದಣಿದ ಕೈ ಒಂದರ ಬದಲು ಇನ್ನೊಂದನ್ನು ಎಳೆಯುತ್ತಿತ್ತು. ಅವರು ಚಕ್ರದ ಸ್ವಿಚ್ಚಿಗೆ ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪ್ ಸ್ವಿಚ್ಚಿಗೆ ಬೆಣೆಯಾಕಾರದ ತುಂಡು ಅಂಟಿಸಿದರು. ಆ ತಪ್ಪು ನಿಂತಿತು. ಇವತ್ತಿಗೂ ಪ್ರಯಾಣಿಕರ ವಿಮಾನಗಳಲ್ಲಿ ಚಕ್ರದ ಹಿಡಿಕೆ ಚಕ್ರದ ಆಕಾರದಲ್ಲೇ ಇರುತ್ತದೆ. ಪೈಲಟ್‌ಗಳನ್ನು ಬೈದು, ಶಿಕ್ಷಿಸಿ ಆಗದ ಕೆಲಸ ಒಂದು ರಬ್ಬರ್ ತುಂಡಿನಿಂದ ಆಯಿತು.

ಆದರೆ ಹಿಡಿಕೆ ಸರಿ ಮಾಡಿದಷ್ಟು ಸುಲಭವಲ್ಲ ಅಧಿಕಾರದ ಏಣಿಯನ್ನು ಸರಿ ಮಾಡುವುದು. 1986ರ ಜನವರಿ 27ರ ರಾತ್ರಿ, ‘ಚಾಲೆಂಜರ್’ ಬಾಹ್ಯಾಕಾಶ ನೌಕೆಯ ರಾಕೆಟ್ ತಯಾರಿಸಿದ ಮಾರ್ಟನ್ ಥಿಯೋಕಾಲ್ ಕಂಪನಿಯ ಎಂಜಿನಿಯರ್‌ಗಳು ನಾಸಾಗೆ ಫೋನಿನಲ್ಲೇ ಹೇಳಿದರು: ಚಳಿ ಜಾಸ್ತಿ ಇದೆ, ರಾಕೆಟ್ ಕೀಲುಗಳ ರಬ್ಬರ್ ಉಂಗುರಗಳು ಗಟ್ಟಿಯಾಗುತ್ತವೆ, ನಾಳೆ ಹಾರಿಸಬೇಡಿ. ರೋಜರ್ ಬೋಯಿಜೋಲಿ ಎಂಬ ಎಂಜಿನಿಯರ್ ಆರು ತಿಂಗಳ ಮೊದಲೇ ಇದನ್ನು ಬರೆದುಕೊಟ್ಟಿದ್ದರು. ನಾಸಾದವರಿಗೆ ಈ ಸಲಹೆ ಹಿಡಿಸಲಿಲ್ಲ. ಕಂಪನಿಯ ಮ್ಯಾನೇಜರ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರು. ಸಲಹೆ ಬದಲಾಯಿತು. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಒಡೆದುಹೋಯಿತು, ಏಳು ಜನ ಸತ್ತರು. ಹಾರಿಸಲು ಕೊನೆಯ ಒಪ್ಪಿಗೆ ಕೊಟ್ಟವರಿಗೆ ರಾತ್ರಿಯ ಈ ಜಗಳದ ಸುದ್ದಿಯೇ ಮುಟ್ಟಿರಲಿಲ್ಲ ಎಂದು ತನಿಖೆಯಲ್ಲಿ ಗೊತ್ತಾಯಿತು. ವಾಸಾ ಮುಳುಗಿ 357 ವರ್ಷ ಕಳೆದಿತ್ತು. ಇಲ್ಲೂ ಪರೀಕ್ಷೆ ನಡೆದಿತ್ತು, ಉತ್ತರ ಸಿಕ್ಕಿತ್ತು, ಹೇಳಬೇಕಾದವರಿಗೆ ಹೇಳಿರಲಿಲ್ಲ.

ಅದೇ ವರ್ಷ ಏಪ್ರಿಲ್ 26ರಂದು ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಪರಮಾಣು ಸ್ಥಾವರದಲ್ಲಿ ಸ್ಫೋಟ. ಅಂತಾರಾಷ್ಟ್ರೀಯ ಪರಮಾಣು ಸಂಸ್ಥೆಯ ಸಲಹಾ ತಂಡ 1986ರಲ್ಲಿ ಮುಖ್ಯ ತಪ್ಪು ಸ್ಥಾವರ ನಡೆಸುತ್ತಿದ್ದವರದು ಎಂದಿತು. 1987ರಲ್ಲಿ ಸ್ಥಾವರದ ಮೂವರು ಹಿರಿಯರಿಗೆ ಹತ್ತು ಹತ್ತು ವರ್ಷ ಶಿಕ್ಷೆಯಾಯಿತು. 1992ರಲ್ಲಿ ಅದೇ ತಂಡ ತನ್ನ ವರದಿಯನ್ನು ತಿದ್ದಿತು. ರಿಯಾಕ್ಟರ್ ವಿನ್ಯಾಸದಲ್ಲೇ ದೊಡ್ಡ ದೋಷವಿತ್ತು, ಅದನ್ನು ನಡೆಸುವವರಿಗೆ ಸರಿಯಾಗಿ ತಿಳಿಸಿರಲಿಲ್ಲ ಎಂದಿತು. ನಡೆಸಿದವರ ತಪ್ಪು ಏನೂ ಇರಲಿಲ್ಲ ಎಂದಲ್ಲ. ಆದರೆ ಜೈಲಿಗೆ ಹೋಗುವಾಗ ಅವರ ಬೆನ್ನ ಮೇಲೆ ಬೇರೆಯವರ ಪಾಲೂ ಇತ್ತು.

ಇಲ್ಲಿ ಒಂದು ಅಪಾಯವೂ ಇದೆ. ‘ವ್ಯವಸ್ಥೆಯ ತಪ್ಪು’ ಎಂಬ ಮಾತು ಮೇಲಿದ್ದವರಿಗೆ ಅಡಗಿಕೊಳ್ಳಲು ಒಳ್ಳೆಯ ಜಾಗ. ವ್ಯವಸ್ಥೆಗೆ ಮುಖವಿಲ್ಲ, ಅದನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಹಾಗಾಗಿ ನನಗೆ ಹಳೆಯ ಕೆಲವು ರಾಜೀನಾಮೆಗಳು ಮುಖ್ಯವಾಗಿ ಕಾಣುತ್ತವೆ. 1954ರಲ್ಲಿ ಬ್ರಿಟನ್ನಿನ ಕೃಷಿ ಸಚಿವ ಥಾಮಸ್ ಡಗ್‌ಡೇಲ್, ಒಂದು ಜಮೀನಿನ ವಿಷಯದಲ್ಲಿ ಅಧಿಕಾರಿಗಳು ಎಸಗಿದ ತಪ್ಪಿಗೆ ತಾನೇ ಹೊಣೆ ಎಂದು ಸಂಸತ್ತಿನಲ್ಲಿ ಹೇಳಿ ಹುದ್ದೆ ಬಿಟ್ಟರು. 1956ರ ನವೆಂಬರ್‌ನಲ್ಲಿ ಅರಿಯಲೂರು ರೈಲು ದುರಂತದ ನಂತರ ಲಾಲ್ ಬಹಾದ್ದೂರ್ ಶಾಸ್ತ್ರಿ ರೈಲ್ವೆ ಖಾತೆ ಬಿಟ್ಟರು. ಶಾಸ್ತ್ರಿಯವರು ಹಳಿ ಹಾಕಿದವರಲ್ಲ, ರೈಲು ಓಡಿಸಿದವರೂ ಅಲ್ಲ. ಆದರೂ ಸೇತುವೆ, ಹಳಿ, ತಪಾಸಣೆಗೆ ಹಣ ಹಾಕುವ, ಜನರನ್ನು ನೇಮಿಸುವ ಅಧಿಕಾರ ಯಾವ ಕುರ್ಚಿಯಲ್ಲಿತ್ತೋ ಆ ಕುರ್ಚಿಯಲ್ಲಿ ಕೂತಿದ್ದರು.

ಈ ಇತಿಹಾಸದ ಪಾಠಗಳೆಲ್ಲ ಗೊತ್ತಿದ್ದ ಕಾಲದಲ್ಲೇ ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಕರಣ ನಡೆಯಿತು. 1999ರಿಂದ ಅಲ್ಲಿನ ಅಂಚೆ ಕಚೇರಿಗಳಿಗೆ ‘ಹೊರೈಜನ್’ ಎಂಬ ಕಂಪ್ಯೂಟರ್ ಲೆಕ್ಕಪತ್ರ ವ್ಯವಸ್ಥೆ ಬಂತು. ಅದನ್ನು ಕಟ್ಟಿದ್ದು ಫುಜಿತ್ಸು ಕಂಪನಿ. ಅದು ಹಲವು ಕಡೆ ಇಲ್ಲದ ಕೊರತೆ ತೋರಿಸಿತು. ಅಂಚೆ ಕಚೇರಿ ನಡೆಸುತ್ತಿದ್ದವರನ್ನು ಕಳ್ಳರು, ಲೆಕ್ಕ ಬಾರದವರು ಎಂದರು. ಹಲವರು ಸ್ವಂತ ದುಡ್ಡು ಹಾಕಿ ಆ ಕೊರತೆ ತುಂಬಿದರು, ಮನೆ ಕಳೆದುಕೊಂಡರು. 2015ರವರೆಗೆ 900ಕ್ಕೂ ಹೆಚ್ಚು ಜನ ಶಿಕ್ಷೆಗೊಳಗಾದರು. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂದೇ ಕೋರ್ಟ್ ಭಾವಿಸಬೇಕು, ಇಲ್ಲವೆಂದು ತೋರಿಸುವ ಹೊರೆ ಆರೋಪಿಯ ಮೇಲೆ. ಕಾನೂನು ಹೀಗೆ ಬದಲಾದದ್ದೂ ಅದೇ ಹೊತ್ತಿಗೆ. 2019ರಲ್ಲಿ ಹೈಕೋರ್ಟ್ ಹೊರೈಜನ್‌ನಲ್ಲಿ ದೋಷಗಳಿದ್ದವು ಎಂದು ತೀರ್ಪು ಕೊಟ್ಟಿತು. 2024ರಲ್ಲಿ ಸಂಸತ್ತು ಕಾಯ್ದೆ ಮಾಡಿ ನೂರಾರು ಜನರ ಶಿಕ್ಷೆಯನ್ನು ಒಟ್ಟಿಗೇ ರದ್ದು ಮಾಡಿತು. ಅಷ್ಟರಲ್ಲಿ ಕೆಲವರು ಕಳ್ಳರೆಂಬ ಹೆಸರು ಹೊತ್ತೇ ತೀರಿಕೊಂಡಿದ್ದರು.

ವರ್ಷಗಟ್ಟಲೆ ಸಾವಿರಾರು ಪ್ರಾಮಾಣಿಕರು ಒಂದೇ ಥರದ ತಪ್ಪು ಮಾಡುವುದು ಹೇಗೆ ಎಂದು ಮೇಲೆ ಕೂತವರು ಕೇಳಿಕೊಂಡಿದ್ದರೂ ಸಾಕಿತ್ತು. ಸಹಾಯವಾಣಿಗೆ ಫೋನ್ ಮಾಡಿದವರಲ್ಲಿ ಅನೇಕರಿಗೆ ಸಿಗುತ್ತಿದ್ದ ಉತ್ತರ, ‘ಈ ತೊಂದರೆ ನಿಮ್ಮೊಬ್ಬರಿಗೇ ಬಂದಿರುವುದು.’ 2009ರಲ್ಲಿ ಒಂದು ಕಂಪ್ಯೂಟರ್ ಪತ್ರಿಕೆ ಅವರಲ್ಲಿ ಏಳು ಜನರ ಕಥೆ ಪ್ರಕಟಿಸಿತು. ಅದೇ ವರ್ಷ ಫೆನ್ನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಂಗಣದಲ್ಲಿ ಒಂದಷ್ಟು ಜನ ಸೇರಿದರು. ತಪ್ಪು ತನ್ನೊಬ್ಬರದೇ ಎಂದು ಅಷ್ಟು ವರ್ಷ ನಂಬಿಸಲ್ಪಟ್ಟವರು, ಅಲ್ಲಿ ಮೊದಲ ಸಲ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಕೇಳಿಸಿಕೊಂಡರು.