ಕಬ್ಬಿನ ಬಿಲ್ಲು, ಹಾಲಿನ ಬಟವಾಡೆ

ಮಂಡ್ಯ ಸೀಮೆಯ ಸಂಸಾರಗಳಲ್ಲಿ ಹೆಂಗಸರ ಮಾತು ಎಷ್ಟು ನಡೆಯುತ್ತದೆ ಎಂದು ಕೇಳುವವರು ನಾಲೆಯಿಂದ ಶುರುಮಾಡುವುದು ಒಳ್ಳೆಯದು. ಕನ್ನಂಬಾಡಿಯ ನೀರು ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಮೈಷುಗರ್ ಹುಟ್ಟಿದ ಮೇಲೆ ಎಷ್ಟೋ ರಾಗಿ ಹೊಲಗಳು ಕಬ್ಬಿನ ಗದ್ದೆಗಳಾದವು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಮಾನವಶಾಸ್ತ್ರಜ್ಞೆ 1950ರ ದಶಕದ ನಡುವೆ ಇಲ್ಲಿನ ಎರಡು ಹಳ್ಳಿಗಳಲ್ಲಿದ್ದು ನೋಡಿದರು. ಒಂದಕ್ಕೆ ನಾಲೆ ನೀರಿತ್ತು, ಇನ್ನೊಂದಕ್ಕಿರಲಿಲ್ಲ. ಆಗ ಒಕ್ಕಲು ಮನೆಗಳಲ್ಲಿ ಗಂಡಿನವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. 1970ರಲ್ಲಿ ಅವರು ಮತ್ತೆ ಬರುವಷ್ಟರಲ್ಲಿ ವರದಕ್ಷಿಣೆ ಕಾಲಿಟ್ಟಿತ್ತು. ಕೈಯಲ್ಲಿ ಕಾಸಾಡಿದ ಮನೆಗಳಿಗೆ ಹೆಂಗಸರನ್ನು ಹೊಲದ ಕೆಲಸ ಬಿಡಿಸುವುದೇ ಅಂತಸ್ತಾಗಿತ್ತು. ತೆರದ ದುಡ್ಡು ಹೋಗುತ್ತಿದ್ದುದೂ ಹುಡುಗಿಯ ಅಪ್ಪನ ಕೈಗೇ, ಹಾಗಾಗಿ ಹಳೆಯದನ್ನೆಲ್ಲ ಹೊಗಳಬೇಕಿಲ್ಲ. ಆದರೂ ದುಡಿಯುವ ಕೈ ಎನಿಸಿಕೊಂಡಿದ್ದವಳು ಈಗ ಖರ್ಚಿನ ಬಾಬ್ತಾದಳು.

ಮನೆಯೆಂದರೆ ಒಂದೇ ಮನಸ್ಸು, ಒಂದೇ ಜೇಬು ಎಂದು ಅರ್ಥಶಾಸ್ತ್ರವೂ ಬಹುಕಾಲ ನಂಬಿತ್ತು. 1980ರ ದಶಕದಿಂದ ಆ ನಂಬಿಕೆ ಸಡಿಲವಾಯಿತು. ಗಂಡ ಹೆಂಡತಿ ಒಳಗೊಳಗೇ ಚೌಕಾಸಿ ನಡೆಸುತ್ತಾರೆ, ಸಂಸಾರ ಮುರಿದರೆ ಯಾರಿಗೆ ಎಲ್ಲಿ ನೆಲೆಯಿದೆಯೋ ಅದರ ಮೇಲೆ ಅವರವರ ಮಾತಿನ ತೂಕ ಎಂದು ಅಮರ್ತ್ಯ ಸೇನ್, ಬೀನಾ ಅಗರ್‌ವಾಲ್ ಮೊದಲಾದವರು ವಾದಿಸಿದರು. ಪುರಾವೆ ಮಕ್ಕಳಲ್ಲಿ ಸಿಕ್ಕಿತು. 1970ರ ದಶಕದ ಕೊನೆಯಲ್ಲಿ ಬ್ರಿಟನ್ ಅಪ್ಪನಿಗಿದ್ದ ತೆರಿಗೆ ವಿನಾಯಿತಿ ತೆಗೆದು ಮಕ್ಕಳ ಭತ್ಯೆಯನ್ನು ಅಮ್ಮನ ಕೈಗೆ ಕೊಟ್ಟಾಗ ಮಕ್ಕಳ ಬಟ್ಟೆಬರೆಯ ಖರ್ಚು ಏರಿತು. ದಕ್ಷಿಣ ಆಫ್ರಿಕಾದಲ್ಲಿ ಅಜ್ಜಿಗೆ ಪಿಂಚಣಿ ಬಂದ ಮನೆಗಳಲ್ಲಿ ಮೊಮ್ಮಗಳು ಮೈತುಂಬಿಕೊಂಡಳು, ಅಜ್ಜನಿಗೆ ಬಂದಲ್ಲಿ ಅಂಥದ್ದು ಕಾಣಲಿಲ್ಲ ಎಂದು ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ 2003ರಲ್ಲಿ ತೋರಿಸಿದರು.

ನೆಲೆಯ ಪ್ರಶ್ನೆಗೆ ಮೈಸೂರು ಬೇಗನೇ ಕೈಹಾಕಿತ್ತು. ಮೈಷುಗರ್ ಹುಟ್ಟಿದ ವರ್ಷವೇ ಸಂಸ್ಥಾನ ತಂದ ಹಿಂದೂ ಮಹಿಳಾ ಹಕ್ಕುಗಳ ಕಾಯ್ದೆ, ಆಸ್ತಿ ಭಾಗವಾಗುವಾಗ ವಿಧವೆಗೂ ತಾಯಿಗೂ ಮದುವೆಯಾಗದ ಮಗಳಿಗೂ ಪಾಲು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು ಮಗಳಿಗೆ ದಕ್ಕಿದ್ದು ಮಾತ್ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಮೂಲಕ, 1994ರ ಜುಲೈ 30ರಿಂದ, ಅದೂ ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಕರ್ನಾಟಕ, ಮಹಾರಾಷ್ಟ್ರಗಳ ತಿದ್ದುಪಡಿಯ ಫಲವನ್ನು ಅಳೆದ ಅರ್ಥಶಾಸ್ತ್ರಜ್ಞರಾದ ಡೈನಿಂಗರ್, ಗೋಯಲ್, ನಾಗರಾಜನ್ ಅವರಿಗೆ ಹೆಣ್ಣುಮಕ್ಕಳಿಗೆ ಜಮೀನು ಬರುವುದೂ ಅವರ ಓದೂ ಮದುವೆಯ ವಯಸ್ಸೂ ಏರಿದ್ದು ಕಂಡಿತು. ಗಂಡುಮಕ್ಕಳ ಜೊತೆಗಿನ ಅಂತರ ಮಾತ್ರ ಪೂರ್ತಿ ಅಳಿಯಲಿಲ್ಲ.

ಏಕೆಂದು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋದವರಿಗೆ ಗೊತ್ತು. ಅಣ್ಣತಮ್ಮಂದಿರು ಭಾಗವಾಗುವಾಗ ಅಕ್ಕತಂಗಿಯರು ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೋಗುತ್ತಾರೆ. ಇದನ್ನು ತಿಳಿವಳಿಕೆಯ ಕೊರತೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗೌರಿ ಹಬ್ಬಕ್ಕೆ ಬರುವ ಬಾಗಿನ, ಹೆರಿಗೆ, ಬಾಣಂತನ, ಗಂಡ ಕೈಮಾಡಿದರೆ ನಾಲ್ಕು ದಿನ ಮಕ್ಕಳೊಂದಿಗೆ ಹೋಗಿರಲು ಒಂದು ಸೂರು, ಎಲ್ಲಕ್ಕೂ ಅವಳಿಗಿರುವುದು ತವರೊಂದೇ. ಪಾಲು ಕೇಳಿದರೆ ಆ ಬಾಗಿಲು ಮುಚ್ಚುತ್ತದೆ. ಪಹಣಿಯ ಹೆಸರೋ ಅಣ್ಣನ ಮನೆಯೋ ಎಂದಾಗ ಅಣ್ಣನ ಮನೆ ಎನ್ನುವವಳು ಲೆಕ್ಕ ಹಾಕಿಯೇ ಹೇಳಿರುತ್ತಾಳೆ. ಕಾಯ್ದೆ ಆ ಲೆಕ್ಕವನ್ನು ನೋಡಲಿಲ್ಲ.

ಗಂಡನ ಮನೆಯ ಪಹಣಿಯಲ್ಲೂ ಸಾಮಾನ್ಯವಾಗಿ ಅವಳ ಹೆಸರಿರುವುದಿಲ್ಲ. ಹಾಗಾಗಿ ಕಬ್ಬಿನ ಬಿಲ್ಲು ಅವನಿಗೆ ಒಟ್ಟಿಗೆ ಬಂದು ಸಾಲಕ್ಕೆ, ಬೋರ್‌ವೆಲ್ಲಿಗೆ ಹೋಗುತ್ತದೆ. ಹಸು ಕಟ್ಟಿದವಳಿಗೆ ಡೈರಿಯ ಬಟವಾಡೆ ಚಿಕ್ಕದಾಗಿ, ಆಗಾಗ ಬರುತ್ತದೆ. ನೋಟ್‌ಬುಕ್ಕು, ವ್ಯಾನಿನ ಬಾಡಿಗೆ, ಜ್ವರದ ಔಷಧಿಗೆ ಆಗುವುದು ಇದೇ. 1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದ ಸ್ವಸಹಾಯ ಗುಂಪುಗಳು, 2000-01ರ ಸ್ತ್ರೀಶಕ್ತಿ ಸಂಘಗಳು ಇಂಥ ಚಿಲ್ಲರೆಯನ್ನು ಉಳಿತಾಯ ಮಾಡಿಸಿ ಸಾಲ ಹುಟ್ಟುವಂತೆ ಮಾಡಿದವು. ಸಂಘದ ಸಾಲದಲ್ಲೂ ಎಷ್ಟೋ ಸಲ ಗಂಡನ ಬೈಕು ಬಂದಿದೆ ಎನ್ನುವುದು ಬೇರೆ ಮಾತು.

ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿದ್ದು ಮೈಸೂರಿನಲ್ಲೇ, 2023ರ ಆಗಸ್ಟ್ 30ರಂದು. ತಿಂಗಳ 2000 ರೂಪಾಯಿ ಯಜಮಾನಿಯ ಖಾತೆಗೆ. ಯಜಮಾನಿ ಅತ್ತೆಯೋ ಸೊಸೆಯೋ ಎಂದು ಆಗ ಮನೆಮನೆಯಲ್ಲಿ ಚರ್ಚೆಯಾಯಿತು. ಡುಫ್ಲೊ ಕಂಡ ಅಜ್ಜಿಯರನ್ನು ನೆನೆದರೆ, ಅತ್ತೆಗೆ ಹೋದ ಮಾತ್ರಕ್ಕೆ ಮೊಮ್ಮಗಳಿಗೆ ತಪ್ಪಿತೆನ್ನಲಾಗದು.

ಅದೇ ವರ್ಷದ ಕೊನೆಗೆ, ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಗಂಡೋ ಹೆಣ್ಣೋ ಹೇಳುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಬಯಲಿಗೆಳೆದರು. ಕಬ್ಬಿನ ಸಿರಿ ಕಂಡ ಸೀಮೆಯಲ್ಲೇ, ಬೆಲ್ಲ ಕಾಯಿಸುವ ಜಾಗದಲ್ಲೇ. ಅಲ್ಲಿಗೆ ಹೋದ ಹೆಂಗಸರ ಬಗ್ಗೆ ಲಿಂಗಪತ್ತೆ ನಿಷೇಧ ಕಾಯ್ದೆಯ 24ನೇ ಕಲಂ ಮೊದಲೇ ಒಂದು ತೀರ್ಮಾನ ಬರೆದಿಟ್ಟಿದೆ: ಬೇರೆಯದು ರುಜುವಾತಾಗುವ ತನಕ, ಗರ್ಭಿಣಿ ಆ ಪರೀಕ್ಷೆ ಮಾಡಿಸಿಕೊಂಡದ್ದು ಗಂಡನ ಇಲ್ಲವೇ ನೆಂಟರ ಒತ್ತಾಯಕ್ಕೆ ಎಂದೇ ನ್ಯಾಯಾಲಯ ಭಾವಿಸಬೇಕು.