ಮೊದ್ಲು ಪೇಟಿ ಮಾಸ್ತರನ್ನ ಹುಡುಕ್ರಿ

ಸಂಗೀತದ ಇತಿಹಾಸ ಬರೀಬೇಕು, ಯಾರನ್ನ ಇಂಟರ್‌ವ್ಯೂ ಮಾಡ್ಲಿ ಅಂತ ರಾಯಚೂರು, ಕೊಪ್ಪಳ ಕಡೆ ಹುಡುಗ್ರು ಕೇಳ್ತಿರ್ತಾರ. ಕೈಯಾಗಿನ ಲಿಸ್ಟ್ ನೋಡಿದ್ರ ಬರೀ ಹಾಡೋರ ಹೆಸರೇ ಇರ್ತಾವು. ಅವ್ರನ್ನ ಬಿಡ್ರಿ ಅನ್ನಲ್ಲ, ಆದ್ರ ಅವ್ರು ಅದೇ ಕಥಿನ ಸನ್ಮಾನದಾಗ, ರೇಡಿಯೋದಾಗ, ಪೇಪರ್‌ನೋರ ಮುಂದ ಎಷ್ಟೋ ಸಲ ಹೇಳಿರ್ತಾರ, ಹೇಳ್ತಾ ಹೇಳ್ತಾ ಬೇಡಾದ್ದೆಲ್ಲ ಉದುರಿಹೋಗಿರ್ತದ, ನಮಗ ಬೇಕಾದ್ದು ಆ ಉದುರಿದ್ದೇ. ಅದಕ್ಕ ನಾನು ಮೊದ್ಲು ಹೋಗೋದು ಸಾಥ್ ಕೊಟ್ಟೋರ, ಅಂದ್ರ ಹಾಡೋರ ಜೊತಿಗೆ ವಾದ್ಯ ನುಡಿಸಿದೋರ ಮನಿಗೆ.

ಅವ್ರಾಗೂ ಪೇಟಿ ಮಾಸ್ತರು, ಅಂದ್ರ ಹಾರ್ಮೋನಿಯಂ ನುಡಿಸೋರು. ಗಾಯಕ್ರು ಯಾವ ಪಟ್ಟಿಗೆ, ಅಂದ್ರ ಪೇಟಿಯ ಯಾವ ಕೀಲಿನ "ಸ" ಮಾಡ್ಕೊಂಡು ಹಾಡ್ತಿದ್ರು ಅಂತ ಕೇಳಿದ್ರ "ಮೊದ್ಲು ಕಪ್ಪು ಎರಡು, ವಯಸ್ಸಾದ ಮ್ಯಾಲೆ ಕಪ್ಪು ಒಂದಕ್ಕ ಇಳಿದ್ರು" ಅಂತ ಥಟ್ಟನೆ ಹೇಳ್ತಾರ, ಅವ್ರ ಬೆರಳಿಗೇ ನೆನಪಿರ್ತದ. ಇದು ಸಣ್ಣ ಮಾತಲ್ಲ. ಹಳೇ ಗ್ರಾಮಫೋನ್ ಪ್ಲೇಟಿಗೆ ನಾವು ನಿಮಿಷಕ್ಕ 78 ಸುತ್ತಿಂದು ಅಂತೀವಿ, ಆದ್ರ ಎಲ್ಲಾನೂ ಸರಿಯಾಗಿ 78ಕ್ಕೇ ರೆಕಾರ್ಡ್ ಮಾಡಿದ್ದಲ್ಲ, ಪ್ಲೇಟು ಹಚ್ಚಿ ಕೇಳೋವಾಗ ಸ್ಪೀಡು ಸುಮಾರು 6 ಪರ್ಸೆಂಟ್ ಜಾಸ್ತಿ ಆದ್ರ ಸಾಕು, ದನಿ ಪೇಟಿಯಾಗ ಒಂದು ಪಟ್ಟಿ (ಅರ್ಧ ಸ್ವರ) ಮ್ಯಾಲೆ ಹೋಗ್ತದ. ಈಗ ಯೂಟ್ಯೂಬ್‌ನಾಗ ಕೇಳೋ ಹಾಡು ಅವ್ರ ನಿಜವಾದ ದನೀನೋ ಅಲ್ಲೋ ಅನ್ನೋದಕ್ಕ ಪೇಟಿ ಮಾಸ್ತರ ಮಾತೇ ದೊಡ್ಡ ಆಧಾರ.

ಇಸವಿ ಕೇಳಬ್ಯಾಡ್ರಿ, ಯಾರಿಗೂ ನೆನಪಿರಲ್ಲ. ರಜಾಕಾರರ ಗಲಾಟಿ ಮುಂಚೇನೋ ಆಮೇಲೋ, ತುಂಗಭದ್ರಾ ಡ್ಯಾಮಿಗೆ ನೀರು ನಿಲ್ಸಿದ ಮ್ಯಾಲೋ ಅಂತ ಕೇಳ್ರಿ, 1948, 1953 ಎರಡು ಗೂಟ ಸಿಕ್ಕಂಗ. ಮೊಹರಂ ಹಬ್ಬದಾಗ ಕರ್ಬಲಾ ಕಥಿ ಹೇಳೋ ರಿವಾಯತ್ ಪದ ಹಾಡೋರಿಗೆ ಇನ್ನೊಂದು ದಾರಿ ಐತಿ. ಹಬ್ಬ ವರ್ಷಾ 11 ದಿನದಷ್ಟು ಹಿಂದಕ್ಕ ಸರೀತದ, ಅದೇ ಹಂಗಾಮಿಗೆ ವಾಪಸ್ ಬರೋಕೆ ಸುಮಾರು 33 ವರ್ಷ ಬೇಕು. ಮುದಗಲ್ಲಿನ ಕಡೆ ಹಿರಿಯರೊಬ್ರು "ಆ ಸಲ ಅಲಾಯಿ ಕುಣಿ (ಮೊಹರಂ ಬೆಂಕಿ ಹಾಕೋ ಕುಣಿ) ತೋಡೋವಾಗ ಜೋಳ ರಾಶಿ ನಡೆದಿತ್ತು" ಅಂದ್ರ, ಕ್ಯಾಲೆಂಡರ್ ಹಿಡ್ಕೊಂಡು ಎರಡು ಮೂರು ವರ್ಷದೊಳಗ ತಂದು ನಿಲ್ಲಿಸ್ಬಹುದು.

ಬಳ್ಳಾರಿಗೆ ಬಂದ್ರ ಲೆಕ್ಕಾನೇ ಬ್ಯಾರೆ. ಅದು 1953ರ ತನಕ ಮದ್ರಾಸಿನ ಕೈಯಾಗಿತ್ತು, ರಾಯಚೂರು 1948ರ ತನಕ ನಿಜಾಮರ ಕಡೆ. ನಾಟಕದ ನಟ ಬಳ್ಳಾರಿ ರಾಘವ ಕನ್ನಡ, ತೆಲುಗು ಎರಡರಾಗೂ ಪಾತ್ರ ಮಾಡಿದೋರು. ರಂಗಗೀತೆ ಬಗ್ಗೆ ಬರಿಯೋರು ಬರೀ ಕನ್ನಡದಾಗ ಕೇಳಿದ್ರ ಅರ್ಧ ಊರು ಸುಮ್ಮನಿರ್ತದ, ತೆಲುಗು ಬರೋರನ್ನ ಜೊತಿಗೆ ಕರ್ಕೊಂಡು ಹೋಗ್ರಿ.

ಮನಿಯಾಗಿನ ಹೆಣ್ಮಕ್ಕಳನ್ನ ಟೀ ಕೊಟ್ಟು ಒಳಗ ಹೋಗೋಕೆ ಬಿಡಬ್ಯಾಡ್ರಿ, ಕೂಡ್ರಿಸ್ಕೊಂಡು ಮಾತಾಡಿಸ್ರಿ. ಯಾವ ಕಾರ್ಯಕ್ರಮಕ್ಕ ಎಷ್ಟು ಬಂತು, ಯಾವ ಕಂಪನಿ ರೊಕ್ಕ ಕೊಡ್ಲಿಲ್ಲ, ಯಾವ ವರ್ಷ ಸಾಲ ಮಾಡಿ ಪೇಟಿ ತಂದ್ರು, ಎಲ್ಲಾ ಅವ್ರಿಗೇ ಗೊತ್ತು. ಟ್ರಂಕಿನಾಗ ಆಕಾಶವಾಣಿ ಕಾಂಟ್ರಾಕ್ಟ್ ಕಾಗದ ಇಟ್ಟಿರೋದೂ ಅವ್ರೇ, ಅದ್ರಾಗ ದಿನಾಂಕ, ಹಾಡೋ ಟೈಮು, ಫೀಸು ಇರ್ತದ. ಫೋಟೋ ತಕ್ಕೊಂಡು ಮೂಲ ಕಾಗದ ಅಲ್ಲೇ, ಅವ್ರ ಎದುರಿಗೇ ವಾಪಸ್ ಇಡ್ರಿ.

ರೆಕಾರ್ಡಿಂಗಿಂದು ಒಂದು ಕಾಪಿ ಪೆನ್‌ಡ್ರೈವ್‌ನಾಗ ಹಾಕಿ ಅವ್ರ ಮನಿಗೆ ಕೊಡ್ರಿ, ಪುಸ್ತಕ ಆದ ಮ್ಯಾಲಲ್ಲ, ಬರಿಯೋಕಿಂತ ಮುಂಚೆ. ಮನಿ ಮಂದಿ ಎಲ್ಲಾ ಕೂತು ಕೇಳ್ತಾರ, "ಅದು ಹಂಗಲ್ರಿ, ಆವಾಗ ತಬಲಾಕ್ಕ ಕೂತೋರು ಬ್ಯಾರೆ" ಅಂತ ಫೋನ್ ಬರ್ತದ. ತಬಲಾಕ್ಕ ಕೂತ ಅವ್ರ ಮನಿ ಎಲ್ಲೈತಿ ಅಂತ ಆವಾಗ್ಲೇ ಕೇಳಿ ಬರ್ಕೊಳ್ರಿ.